ಟವೆಲ್ ಮುಚ್ಚಿ ಆಡಿಸಿದ ಸಂಜೆ

ಹೋದ ತಿಂಗಳು ಒಬ್ಬರು ನಮ್ಮ ಅಂಗಡಿಗೆ ಬಂದಿದ್ದರು. ಮಂಡಿಪೇಟೆ ಕಡೆ ವ್ಯಾಪಾರ ಅಂತ ಮಾತಲ್ಲೇ ಗೊತ್ತಾಯ್ತು. ಜೊತೆಗೆ ಹತ್ತನೇ ಕ್ಲಾಸಿನ ಮಗ. ಅವರು ಕುರ್ಚಿ ಎಳ್ಕೊಂಡು ಕೂತು ನೇರ ವಿಷಯಕ್ಕೆ ಬಂದರು. ವಿಷಯ ಪಿಎಸ್, ಅಂದ್ರೆ ಸೋನಿ ಕಂಪನಿಯ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ.

"ಇವ್ನು ಪಿಎಸ್5 ಪ್ರೋನೇ ಬೇಕು ಅಂತಾನೆ. ಪಕ್ಕದ ಮನೆಯವ್ರ ಅಳಿಯ ದುಬೈಯಿಂದ ತರ್ತಾನಂತೆ. ಸಾದಾ ಪಿಎಸ್5ನಲ್ಲಿ ಬರೋ ಆಟಾನೇ ಅದ್ರಲ್ಲೂ ಬರ್ತಾವೇನ್ರೀ?"

"ಅವೇ ಆಟ ಸರ್."

"ಮತ್ತೆ ಜಾಸ್ತಿ ರೊಕ್ಕ ಯಾತಕ್ಕೆ?"

ಮಗ ಗೋಡೆ ಮೇಲಿನ ಪೋಸ್ಟರ್ ನೋಡ್ತಾ ನಿಂತಿದ್ದ. ನಾನು ನಕ್ಕೆ. ಇದೇ ಪ್ರಶ್ನೆಗೆ 2017ರಲ್ಲಿ ಕೈಯಿಂದ ದುಡ್ಡು ಹಾಕಿ ಉತ್ತರ ಹುಡುಕಿದವನು ನಾನು.

ದಾವಣಗೆರೆಯ ವಿದ್ಯಾನಗರದ ಕಡೆ ನಂದೊಂದು ಸಣ್ಣ ಗೇಮಿಂಗ್ ಅಂಗಡಿ. ನಾಲ್ಕು ಟಿವಿ, ನಾಲ್ಕು ಬೆಂಚು, ಗಂಟೆ ಲೆಕ್ಕದಲ್ಲಿ ಆಟ. ಬರುವವರಲ್ಲಿ ಮುಕ್ಕಾಲು ಪಾಲು ಕಾಲೇಜು ಹುಡುಗರು. ಕ್ಲಾಸ್ ಮುಗಿಸಿ, ಒಂದು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ತಿಂದು, ಕೈ ಒರೆಸಿಕೊಳ್ಳದೇ ಕಂಟ್ರೋಲರ್ ಹಿಡಿಯುವ ಜನ. 2015ರಲ್ಲಿ ಎರಡು ಹಳೇ ಪಿಎಸ್3, ಒಂದು ಪಿಎಸ್4 ಇಟ್ಕೊಂಡು ಶುರು ಮಾಡಿದೆ.

2016ರ ನವೆಂಬರ್‌ನಲ್ಲಿ ಹೊರದೇಶದಲ್ಲಿ ಪಿಎಸ್4 ಪ್ರೋ ಬಂತು. ಮಾರನೇ ವರ್ಷ ನಮ್ಮಲ್ಲೂ ಸಿಕ್ತು, 39 ಸಾವಿರದ ಹತ್ತಿರ. ಅದೇ ಹೊತ್ತಿಗೆ ಮಾಮೂಲಿ ಪಿಎಸ್4ರದೇ ತೆಳು ಮಾಡೆಲ್ ಸ್ಲಿಮ್ಮೂ ಇತ್ತು, ಸುಮಾರು ಹನ್ನೊಂದು ಸಾವಿರ ಕಡಿಮೆಗೆ. ನಂಗಾಗ ಒಂದು ಹೊಸ ಸೀಟು ಬೇಕಿತ್ತು. ಕಾಗದದ ಮೇಲೆ ನೋಡಿದ್ರೆ ಪ್ರೋ ಬಲು ಜೋರು. ಹಳೇದು 1.84 ಟೆರಾಫ್ಲಾಪ್, ಇದು 4.2. ಚಿತ್ರ ಬಿಡಿಸುವ ಕೆಲಸದಲ್ಲಿ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಅಂತ. ಹೆಂಡತಿ "ಸ್ಲಿಮ್ ಸಾಕು, ಉಳಿದಿದ್ರಲ್ಲಿ ಇನ್ವರ್ಟರ್ ಬ್ಯಾಟರಿ ಬದಲಾಯ್ಸಿ" ಅಂದಳು. ಕೇಳಲಿಲ್ಲ. ಕಂತಿನಲ್ಲಿ ಪ್ರೋ ತಂದೆ. ಬಾಗಿಲ ಮೇಲೆ ಫ್ಲೆಕ್ಸ್ ಹಾಕಿಸಿದೆ, "ಪ್ರೋ ಬಂದಿದೆ" ಅಂತ.

ಮಾಮೂಲಿ ಸೀಟಿಗೆ ಗಂಟೆಗೆ 40 ರೂಪಾಯಿ. ಪ್ರೋಗೆ 60 ಅಂತ ಬರೆದೆ. ನನ್ನ ಲೆಕ್ಕ ಸರಳ. ಹನ್ನೊಂದು ಸಾವಿರ ಜಾಸ್ತಿ ಕೊಟ್ಟಿದ್ದೀನಿ, ಗಂಟೆಗೆ 20 ಜಾಸ್ತಿ ಬಂದ್ರೆ 550 ಗಂಟೆಗೆ ಅಸಲು ವಾಪಸ್. ಆರು ತಿಂಗಳು ಸಾಕು ಅಂದ್ಕೊಂಡಿದ್ದೆ.

ಮೊದಲ ತಿಂಗಳು ಹುಡುಗರು ಮುಗಿಬಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಆ ತಿಂಗಳು ಪ್ರೋ ಸೀಟಿಗೆ 70 ಗಂಟೆ ಇದೆ. ಎರಡನೇ ತಿಂಗಳು 41. ಮೂರನೇ ತಿಂಗಳು 18. ಆ ಹೊತ್ತಿಗೆ 40 ರೂಪಾಯಿ ಸೀಟಿಗೆ ಸಾಲು ನಿಂತಿರೋದು, ಪಕ್ಕದಲ್ಲಿ ಪ್ರೋ ಖಾಲಿ ಕೂತಿರೋದು! "ಹೋಗ್ರೋ, ಅದ್ರಲ್ಲಿ ಆಡ್ರೋ" ಅಂದ್ರೆ, "ಬ್ಯಾಡಣ್ಣ, ಇಲ್ಲೇ ಕಾಯ್ತೀವಿ" ಅಂತಿದ್ದರು.

ಯಾಕೆ ಅಂತ ತಿಳೀಬೇಕಿತ್ತು. ಒಂದು ಭಾನುವಾರ ಸಂಜೆ ಒಂದೇ ಥರದ ಎರಡು ಟಿವಿ ಪಕ್ಕ ಪಕ್ಕ ಇಟ್ಟೆ. ಎರಡೂ 40 ಇಂಚಿನ ಮಾಮೂಲಿ ಫುಲ್ ಎಚ್‌ಡಿ. ಒಂದಕ್ಕೆ ಹಳೇ ಪಿಎಸ್4, ಒಂದಕ್ಕೆ ಪ್ರೋ. ಯಂತ್ರ ಕಾಣದ ಹಾಗೆ ಎರಡನ್ನೂ ಟೇಬಲ್ ಕೆಳಗಿಟ್ಟು ಮುಂದೆ ಟವೆಲ್ ಇಳಿಬಿಟ್ಟೆ. ಎರಡರಲ್ಲೂ ಅದೇ ಫುಟ್‌ಬಾಲ್ ಆಟ, ಅವೇ ತಂಡ. ಏಳು ಜನ ಹುಡುಗರನ್ನ ಒಬ್ಬೊಬ್ಬರಾಗಿ ಕೂರಿಸಿ ಐದೈದು ನಿಮಿಷ ಆಡಿಸಿದೆ. ಪ್ರೋ ಯಾವುದು ಹೇಳಿದವರಿಗೆ ಒಂದು ಗಂಟೆ ಫ್ರೀ.

ನಾಲ್ಕು ಜನ ತಪ್ಪು ಹೇಳಿದರು. ಇಬ್ಬರು ಗೊತ್ತಾಗ್ತಿಲ್ಲ ಅಂತ ಕೈ ಚೆಲ್ಲಿದರು. ಒಬ್ಬ ಮಾತ್ರ ಕೂತ ಅರ್ಧ ನಿಮಿಷಕ್ಕೇ ಬಲಗಡೆಯದು ಅಂದ. ಸರಿಯಾಗಿತ್ತು. ಭಲೇ ಕಣ್ಣು ಇವನದು ಅಂದ್ಕೊಂಡು ಹೆಂಗೆ ಗೊತ್ತಾಯ್ತು ಕೇಳಿದೆ.

"ಫ್ಯಾನ್ ಸೌಂಡ್ ಕೇಳಿ ಹೇಳ್ದೆ ಅಣ್ಣ. ಟಿವಿ ನೋಡೇ ಇಲ್ಲ."

ಪ್ರೋಗೆ ಅನ್ಯಾಯ ಮಾಡಬಾರದು. ಅದು ಮಾಡಿದ್ದೇ 4ಕೆ ಟಿವಿಗೆ, ಅಂದ್ರೆ ಫುಲ್ ಎಚ್‌ಡಿಗಿಂತ ಸೂಕ್ಷ್ಮವಾಗಿ ಚಿತ್ರ ತೋರಿಸುವ ಟಿವಿಗೆ. ಫುಲ್ ಎಚ್‌ಡಿ ಟಿವಿಯಲ್ಲೂ ಕೆಲವು ಆಟದಲ್ಲಿ ಅಂಚುಗಳು ನುಣ್ಣಗೆ ಕಾಣ್ತವೆ, ಕೆಲವು ಆಟ ತಡವರಿಸದೇ ಓಡ್ತವೆ. ಆದ್ರೆ ನಮ್ಮ ಹುಡುಗರು ಆಡ್ತಿದ್ದಿದ್ದು ಫುಟ್‌ಬಾಲು. ಅದು ಹಳೇದ್ರಲ್ಲೇ ಸೆಕೆಂಡಿಗೆ 60 ಫ್ರೇಮ್ ಓಡ್ತಿತ್ತು. ಪ್ರೋಗೆ ಅಂತ ಜಾಸ್ತಿ ಹಾಕಿದ ದುಡ್ಡು ನನ್ನ ಟಿವಿ ಪರದೆ ದಾಟಿ ಆಚೆ ಬರಲೇ ಇಲ್ಲ. 4ಕೆ ಟಿವಿ ತರೋದು ಅಂದ್ರೆ ಇನ್ನೊಂದು ಕನ್ಸೋಲಿನಷ್ಟು ಖರ್ಚು. ಮಾರನೇ ದಿನ ಫ್ಲೆಕ್ಸ್ ಇಳಿಸಿ ಎಲ್ಲಾ ಸೀಟಿಗೂ 40 ಅಂತ ಬರೆದೆ.

ಇನ್ನೊಂದು ಪೆಟ್ಟು ಬಿದ್ದಿದ್ದು ಬೇಸಿಗೆಯಲ್ಲಿ. ಏಪ್ರಿಲ್ ಬಂತು ಅಂದ್ರೆ ಕರೆಂಟು ಹೇಳದೇ ಕೇಳದೇ ಹೋಗೋದು. ನನ್ನ ಇನ್ವರ್ಟರ್ ಚಿಕ್ಕದು. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ. ಸ್ಲಿಮ್ ಆಟದ ಮಧ್ಯೆ 80 ವ್ಯಾಟಿನ ಆಚೀಚೆ ಎಳೆದ್ರೆ, ಪ್ರೋ 150ರ ಸುತ್ತ. ಕಂಪನಿಯ ಲೆಕ್ಕದಲ್ಲೂ ಅದೇ ಕಥೆ, ಸ್ಲಿಮ್‌ಗೆ ಗರಿಷ್ಠ 165 ವ್ಯಾಟ್, ಪ್ರೋಗೆ 310. ಪ್ರೋ ಹಚ್ಚಿದ್ರೆ ಇನ್ವರ್ಟರ್ ಕುಂಯ್ ಅನ್ನೋದು. ಎರಡು ಸ್ಲಿಮ್ ಓಡುವ ಜಾಗದಲ್ಲಿ ಒಂದು ಪ್ರೋ ಓಡೋದು. ಹೆಂಡತಿ ಏನೂ ಅನ್ನಲಿಲ್ಲ. ಬ್ಯಾಟರಿ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಅಷ್ಟೇ.

ಆಮೇಲೆ ಸೀಟು ಬೇಕಾದಾಗೆಲ್ಲ ಸ್ಲಿಮ್ಮೇ ತಂದೆ, ಅದೂ 500 ಜಿಬಿಯದು. ಪಿಎಸ್4ರ ಹಾರ್ಡ್ ಡಿಸ್ಕ್ ನಾವೇ ಬದಲಾಯಿಸಬಹುದು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್ ತಂದು, ಸ್ಕ್ರೂ ಬಿಚ್ಚಿ, ಹಳೇದು ಎಳೆದು ಹೊಸದು ಕೂರಿಸಿ, ಸಿಸ್ಟಮ್ ಸಾಫ್ಟ್‌ವೇರ್ ಮತ್ತೆ ಹಾಕಿದ್ರೆ ಆಯ್ತು. ನನ್ನ ಪ್ರಕಾರ ಗಿರಾಕಿಗೆ ಆಯ್ಕೆ ಅಂದ್ರೆ ಇದು. ಡಬ್ಬಿ ಅಗ್ಗದ್ದು ತಗೋ, ಬೇಕಾದಾಗ ಬೇಕಾದಷ್ಟು ಸೇರಿಸ್ಕೋ.

ಹಂಗಂತ ಆ ಕಾಲದ ಪ್ರೋ ಮೋಸ ಅಂತ ನಾನು ಹೇಳಲ್ಲ. ಒಂದು ವಿಷಯದಲ್ಲಿ ಕಂಪನಿ ಸರಿಯಾಗೇ ನಡೆದುಕೊಂಡಿತು. ಪ್ರೋದಲ್ಲಿ ಬರುವ ಆಟ ಹಳೇ ಪಿಎಸ್4ರಲ್ಲೂ ಬರಲೇಬೇಕು ಅಂತ ನಿಯಮ ಇಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ಒಂದು ಅಪ್‌ಡೇಟ್ ಕೊಟ್ಟು ಹಳೇ ಯಂತ್ರಗಳಿಗೂ ಎಚ್‌ಡಿಆರ್, ಅಂದ್ರೆ ಬೆಳಕು ಬಣ್ಣ ಇನ್ನೂ ಚೆನ್ನಾಗಿ ತೋರಿಸುವ ಸೌಲಭ್ಯ, ಸೇರಿಸಿತು. ಹಳೇದನ್ನ ಇಟ್ಕೊಂಡವನು ಬೀದಿಗೆ ಬೀಳಲಿಲ್ಲ. ಜಾಸ್ತಿ ಕೊಡುವವನಿಗೆ ಜಾಸ್ತಿ ಸಿಗಲಿ, ಕೊಡದವನ ಊಟದ ಎಲೆ ಕಿತ್ಕೋಬಾರದು, ಅಲ್ವಾ?

ಆದ್ರೆ ನಿಯಮ ಕಾಗದದ ಮೇಲಿದ್ರೆ ಸಾಲದು. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಅನ್ನೋ ಆಟ ಬಂತು. ಹಳೇ ಪಿಎಸ್4ರಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತು ಅಂದ್ರೆ, ಒಂದೇ ವಾರದಲ್ಲಿ ಸೋನಿ ಅದನ್ನ ತನ್ನ ಆನ್‌ಲೈನ್ ಸ್ಟೋರಿನಿಂದ ತೆಗೆದು ದುಡ್ಡು ವಾಪಸ್ ಕೊಡೋಕೆ ಒಪ್ಪಿತು. ಮತ್ತೆ ಮಾರಾಟಕ್ಕೆ ಬಂದಿದ್ದು 2021ರ ಜೂನ್‌ನಲ್ಲಿ. ಆಟದ ಡಬ್ಬಿ ಮೇಲೆ ಪಿಎಸ್4 ಅಂತಲೇ ಬರೆದಿತ್ತು. ಓಡುತ್ತೆ ಅನ್ನೋದಕ್ಕೂ ಆಡೋಕಾಗುತ್ತೆ ಅನ್ನೋದಕ್ಕೂ ಬಹಳ ದೂರ ಇದೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕಡೆ ಇದೇ ತೊಡಕು ಇನ್ನೊಂದು ಥರ ಬಂತು. ಅಗ್ಗದ ಸೀರೀಸ್ ಎಸ್, ದುಬಾರಿ ಸೀರೀಸ್ ಎಕ್ಸ್, ಎರಡರಲ್ಲೂ ಆಟ ಒಂದೇ ಥರ ಇರಬೇಕು ಅಂತ ಅವರ ಪಟ್ಟು. ಬಾಲ್ಡರ್ಸ್ ಗೇಟ್ 3 ಅನ್ನೋ ಆಟದಲ್ಲಿ ಪರದೆ ಅರ್ಧ ಮಾಡಿ ಇಬ್ಬರು ಆಡುವ ಭಾಗ ಎಸ್‌ನಲ್ಲಿ ಓಡಿಸೋಕಾಗಲಿಲ್ಲ. ಹಂಗಾಗಿ ಎಕ್ಸ್‌ಬಾಕ್ಸ್‌ಗೆ ಆ ಆಟ ಪಿಎಸ್5ಗಿಂತ ಮೂರು ತಿಂಗಳು ತಡವಾಗಿ 2023ರ ಡಿಸೆಂಬರ್‌ನಲ್ಲಿ ಬಂತು, ಆಗ ಎಸ್‌ನವರಿಗೆ ಆ ಭಾಗ ಬಿಟ್ಟು. ನಂಥ ಅಂಗಡಿಯವನಿಗೆ ಒಂದೇ ಟಿವಿಯಲ್ಲಿ ಇಬ್ಬರು ಆಡೋದೇ ಅನ್ನ. ಅದಿಲ್ಲ ಅಂದ್ರೆ ಅಗ್ಗ ಯಾರಿಗೆ ಬೇಕು?

ಈಗ ನನ್ನ ಎರಡನೇ ತಪ್ಪಿಗೆ ಬರ್ತೀನಿ. ಇದು ಮೊದಲಿನದಕ್ಕಿಂತ ದೊಡ್ಡದು.

2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂತು. ಆಟದ ಡಿಸ್ಕ್ ಹಾಕುವ ಮಾಡೆಲ್ 49,990, ಡಿಸ್ಕ್ ಇಲ್ಲದ ಡಿಜಿಟಲ್ ಎಡಿಷನ್ 39,990. ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿದ್ದೆ, ಕೈಯಲ್ಲಿ ಕಾಸಿರಲಿಲ್ಲ. ಒಳಗಿನ ಚಿಪ್ ಎರಡರಲ್ಲೂ ಒಂದೇ. ಪ್ರೋದಲ್ಲಿ ಪಾಠ ಕಲಿತ ಜಾಣ ನಾನು ಅಂದ್ಕೊಂಡು ಹತ್ತು ಸಾವಿರ ಉಳಿಸಿದೆ. ಡಿಜಿಟಲ್ ತಂದೆ.

ಡಿಸ್ಕ್ ಹಾಕೋಕಾಗಲ್ಲ ಅಂದ್ಮೇಲೆ ಆಟ ಸೋನಿಯ ಆನ್‌ಲೈನ್ ಸ್ಟೋರಿನಲ್ಲೇ ಕೊಳ್ಳಬೇಕು. ಹೊಸ ದೊಡ್ಡ ಆಟ ಒಂದಕ್ಕೆ ಅಲ್ಲಿ ಆಗ 4,999 ಇತ್ತು. ಅದೇ ಆಟದ ಡಿಸ್ಕ್ ಆದ್ರೆ? ಎರಡು ತಿಂಗಳು ತಡೆದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲೋ, ಇಲ್ಲೇ ಯಾರಾದ್ರೂ ಹುಡುಗನ ಹತ್ರಾನೋ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ನಾನು ಪಿಎಸ್4 ಡಿಸ್ಕನ್ನ 1,500ಕ್ಕೆ ತಂದು, ಆರು ತಿಂಗಳು ಆಡಿಸಿ, 1,200ಕ್ಕೆ ಮಾರಿದ್ದೀನಿ. ಆರು ತಿಂಗಳ ಬಾಡಿಗೆ ಮುನ್ನೂರು ರೂಪಾಯಿ! ನಮ್ಮೂರಲ್ಲಿ ಒಂದು ಡಿಸ್ಕ್ ಐದಾರು ಮನೆ ಸುತ್ತುತ್ತೆ. ನಿಟ್ಟುವಳ್ಳಿಯಿಂದ ಎಂಸಿಸಿ ಬಿ ಬ್ಲಾಕಿಗೆ, ಅಲ್ಲಿಂದ ಹರಿಹರಕ್ಕೆ. ಡಿಜಿಟಲ್‌ನಲ್ಲಿ ಕೊಂಡಿದ್ದು ನನ್ನ ಅಕೌಂಟಿನಲ್ಲೇ ಕೂರುತ್ತೆ. ಮಾರೋಕಿಲ್ಲ, ಬದಲಿ ಕೊಡೋಕಿಲ್ಲ, ತಮ್ಮನ ಮಗನಿಗೆ ಎರಡು ದಿನ ಕೊಟ್ಟು ಕಳಿಸೋಕೂ ಇಲ್ಲ. ವರ್ಷದೊಳಗೆ ಐದು ಆಟ ಕೊಂಡೆ. ಆ ಹತ್ತು ಸಾವಿರ ಅಲ್ಲಿಗೆ ಚುಕ್ತಾ, ಮೇಲಿಂದ ಇನ್ನಷ್ಟು. ಆ ಮಾಡೆಲ್‌ಗೆ ಆಮೇಲೆ ಡಿಸ್ಕ್ ಡ್ರೈವ್ ಸೇರಿಸೋಕೂ ದಾರಿ ಇಲ್ಲ. ಡಬ್ಬಿ ಮೇಲೆ ಎಲ್ಲಾ ಬರೆದೇ ಇತ್ತು, ನಾನು ಓದಿದ್ದು ಬೆಲೆ ಮಾತ್ರ.

ಆಮೇಲೆ ಬಂದ ಪಿಎಸ್5 ಸ್ಲಿಮ್ಮಿನಲ್ಲಿ ಇದನ್ನ ಸರಿ ಮಾಡಿದ್ದಾರೆ. ಡ್ರೈವ್ ಬಿಚ್ಚಿ ಹಾಕಬಹುದು. ಡಿಜಿಟಲ್ ತಗೊಂಡವನು ಮುಂದೆ ಬೇರೆಯಾಗಿ ಡ್ರೈವ್ ಕೊಂಡು ಕೂರಿಸಬಹುದು, ಮೊದಲ ಸಲ ಜೋಡಿಸೋಕೆ ಇಂಟರ್ನೆಟ್ ಬೇಕು ಅಷ್ಟೇ. ಆದ್ರೆ ಬೆಲೆ? ಮೊದಲೆಲ್ಲ ಹೊಸ ಮಾಡೆಲ್ ಬಂದ್ರೆ ಹಳೇದು ಇಳಿಯೋದು, ನಾವು ಅದಕ್ಕೇ ಕಾಯ್ತಿದ್ವಿ. ಈ ಸಲ ಉಲ್ಟಾ. 2022ರ ನವೆಂಬರ್‌ನಲ್ಲಿ ಇಲ್ಲಿ 49,990 ಇದ್ದಿದ್ದು 54,990 ಆಯ್ತು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಬಂದಾಗಲೂ ಅದೇ 54,990. ಯುರೋಪಿನಲ್ಲಿ 2025ರಲ್ಲಿ ಇನ್ನೂ ತಮಾಷೆ. ಡಿಜಿಟಲ್ ಮಾಡೆಲ್‌ನ ಹೊಸ ಆವೃತ್ತಿಯಲ್ಲಿ ಜಾಗವನ್ನ 1 ಟಿಬಿಯಿಂದ 825 ಜಿಬಿಗೆ ಇಳಿಸಿದರು, ಬೆಲೆ ಹಾಗೇ ಇಟ್ಟರು. ಅದಕ್ಕೇ ಡಬ್ಬಿ ಹಿಂದಿನ ಮಾಡೆಲ್ ನಂಬರ್ ಓದದೇ ನಾನು ಏನೂ ತಗೊಳ್ಳಲ್ಲ. ಪಿಎಸ್4 ಪ್ರೋದಲ್ಲೂ ಸಿಯುಎಚ್-7000 ಕೂಗಾಡೋದು, 2018ರ 7200 ಎಷ್ಟೋ ಮೆತ್ತಗೆ. ಎರಡರ ಹೆಸರೂ ಪ್ರೋನೇ.

ಇಷ್ಟು ಕಥೆಯನ್ನ ಆ ಮಂಡಿಪೇಟೆ ಸಾಹುಕಾರರಿಗೆ ಹೇಳಲಿಲ್ಲ. ಅರ್ಧ ಹೇಳಿದೆ. ಪಿಎಸ್5 ಪ್ರೋ 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ 700 ಡಾಲರ್‌ಗೆ ಬಂದಾಗ ಭಾರತಕ್ಕೆ ತರಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ಅಲೆಗೆ ಆಗ ಇಲ್ಲಿ ಅನುಮತಿ ಇರಲಿಲ್ಲ ಅನ್ನೋದು ಕಾರಣ. ಅಂದ್ರೆ ಆಯ್ಕೆ ಮಾಡೋ ಮೊದಲೇ ನಮ್ಮ ಆಯ್ಕೆ ಮುಗಿದಿತ್ತು. ಆ 700ರಲ್ಲಿ ಡಿಸ್ಕ್ ಡ್ರೈವ್ ಇಲ್ಲ, ನಿಲ್ಲಿಸುವ ಸ್ಟ್ಯಾಂಡೂ ಇಲ್ಲ. ದುಬೈಯಿಂದ ತಂದದ್ದು ನಾಳೆ ಕೆಟ್ರೆ ಇಲ್ಲಿ ಯಾರ ಹತ್ರ ಒಯ್ತೀರಿ?

"ನಿಮ್ಮನೆ ಟಿವಿ ಯಾವ್ದು ಸರ್?"

"ಮೂವತ್ತೆರಡು ಇಂಚಿಂದು. ಇವ್ರಮ್ಮ ಧಾರಾವಾಹಿ ನೋಡೋದು."

ಮಗ ಪೋಸ್ಟರ್ ಬಿಟ್ಟು ನನ್ನ ಕಡೆ ತಿರುಗಿದ. ಸಿಟ್ಟು ಬಂದಿತ್ತು ಪಾಪ. ಅವನನ್ನ ಕರೆದು ಪಿಎಸ್5 ಸ್ಲಿಮ್ ಮುಂದೆ ಕೂರಿಸಿದೆ, ಅರ್ಧ ಗಂಟೆ ಆಡು ಅಂದೆ. ಎದ್ದಾಗ ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಅವರಪ್ಪ ಅಷ್ಟೊತ್ತು ಫೋನಿನಲ್ಲಿ ಮೆಕ್ಕೆಜೋಳದ ರೇಟು ಮಾತಾಡ್ತಾ ಹೊರಗೆ ನಿಂತಿದ್ದರು.

ಹತ್ತು ದಿನ ಬಿಟ್ಟು ಫೋನ್ ಮಾಡಿದರು. "ಡಿಸ್ಕ್ ಹಾಕೋದೇ ತಗೊಂಡ್ವಿ. ಸ್ಲಿಮ್ಮು. ನಿಮ್ಮತ್ರ ಹಳೇ ಡಿಸ್ಕ್ ಏನಾದ್ರೂ ಐತೇನ್ರೀ?"

1,400ಕ್ಕೆ ಒಂದು ಫುಟ್‌ಬಾಲ್ ಡಿಸ್ಕ್ ಕೊಟ್ಟೆ. ಆಡಿ ಮುಗಿದ ಮೇಲೆ ಸಾವಿರಕ್ಕೆ ವಾಪಸ್ ತಗೊಳ್ತೀನಿ ಅಂದೆ. ಅವರು 1,100 ಅಂದರು. ಮಂಡಿಯವರು ನೋಡಿ, ಒಪ್ಪಲೇಬೇಕಾಯ್ತು.