ಬೇರೆಯವರ ಮಗುವಿಗೆ ನಿಮ್ಮ ಮನೆಯಲ್ಲಿ ಜಾಗ ಮಾಡಿಕೊಡುವುದು ಹೇಗೆ?

ಫಾಸ್ಟರ್ ಕೇರ್ ಅಂದ ಕೂಡಲೇ ಬಹಳ ಜನ ದತ್ತು ಅಂದುಕೊಳ್ಳುತ್ತಾರೆ. ದತ್ತು ಪಡೆದ ಮಗು ಕಾನೂನಿನಂತೆ ನಿಮ್ಮದೇ. ಫಾಸ್ಟರ್ ಕೇರ್‌ನಲ್ಲಿ ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಅದರ ಅಮ್ಮನೋ ಅಪ್ಪನೋ ಬೇರೆ ಕಡೆ ಇರಬಹುದು. ಇದು ಮನಸ್ಸಿಗೆ ಒಪ್ಪಿಗೆಯಾದ ಮೇಲೆ ಮುಂದುವರಿಯಿರಿ.

ಮೊದಲು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಕೇಂದ್ರದ 2024ರ ಮಾರ್ಗಸೂಚಿಯಂತೆ 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳೂ ಅರ್ಜಿ ಹಾಕಬಹುದು. ಒಂಟಿ ಗಂಡಸರಿಗೆ ಹೆಣ್ಣು ಮಗುವನ್ನು ಒಪ್ಪಿಸುವುದಿಲ್ಲ.

ಆಮೇಲೆ ಘಟಕದವರು ಮನೆ ನೋಡಲು ಬರುತ್ತಾರೆ. ಸಾಲ, ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಅಣ್ಣ ತಂಗಿಯರನ್ನು ಆದಷ್ಟೂ ಒಂದೇ ಮನೆಯಲ್ಲಿ ಇರಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಇಬ್ಬರಿಗೂ ಜಾಗವಿದ್ದರೆ ಆಗಲೇ ಹೇಳಿಬಿಡಿ. ಕೊನೆಗೆ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ.

ನನ್ನ ಪ್ರಕಾರ ನಿಜವಾದ ಕೆಲಸ ಮೊದಲ ವಾರದ್ದು. ಅಕ್ಕಪಕ್ಕದವರನ್ನೆಲ್ಲ ಕರೆದು ಮಗುವನ್ನು ತೋರಿಸಬೇಡಿ. ಅದು ತಂದ ಹರಕಲು ಚೀಲವನ್ನು ಎಸೆಯಲೇಬೇಡಿ. ಹಳೆಯ ಮನೆಯದು ಅಂತ ಅದರ ಬಳಿ ಉಳಿದಿರುವುದು ಅಷ್ಟೇ ಇರಬಹುದು. ಬಚ್ಚಲು ಎಲ್ಲಿದೆ, ಹಸಿವಾದರೆ ಯಾವ ಡಬ್ಬ ತೆಗೆಯಬೇಕು, ತೋರಿಸಿ. ಕೆಲವು ಮಕ್ಕಳು ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತವೆ. ಬೈಯಬೇಡಿ. ನಾಳೆಯೂ ಊಟ ಸಿಗುತ್ತೆ ಅನ್ನುವ ನಂಬಿಕೆ ಬರಲು ದಿನ ಹಿಡಿಯುತ್ತದೆ, ಅಲ್ವಾ? 'ಅಮ್ಮ' ಅಂತಲೇ ಕರಿ ಎಂದು ಒತ್ತಾಯ ಬೇಡ. ಆಂಟಿ, ಅತ್ತೆ, ಅದರ ಬಾಯಿಗೆ ಏನು ಬರುತ್ತೋ ಅದೇ ಸಾಕು.

ಸಮಿತಿ ಬೇಡ ಅನ್ನದಿದ್ದರೆ ಹೆತ್ತವರು ಆಗಾಗ ಬಂದು ಮಗುವನ್ನು ನೋಡಬಹುದು. ಅವರು ಹೋದ ಮೇಲೆ ಮಗು ಊಟ ಬಿಡಬಹುದು, ರೇಗಬಹುದು. ಅದನ್ನು ಕಂಡು 'ಇನ್ಮೇಲೆ ಬರೋದು ಬೇಡ' ಅಂತ ಹಟ ಹಿಡಿಯಬೇಡಿ. ಪಕ್ಕದಲ್ಲಿ ಸುಮ್ನೆ ಕೂತಿರಿ. ಹೆತ್ತವರನ್ನು ಅದರ ಎದುರು ಹಳಿಯಬೇಡಿ.

ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಡಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅದು ಮಗುವಿನ ಹಣ, ಲೆಕ್ಕ ಇಡಿ. ಸಮಿತಿ ಪ್ರತಿ ತಿಂಗಳೂ ಪರಿಶೀಲನೆ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ಹೆದರಬೇಡಿ, ನಿಮ್ಮ ಕಷ್ಟವನ್ನು ಅವರ ಹತ್ತಿರ ಹೇಳಿಕೊಳ್ಳಿ.

ಮಗು ತನ್ನ ಮನೆಗೆ ಮರಳುವುದು ಖಚಿತವಾದರೆ ಅದಕ್ಕೆ ಮೊದಲೇ ತಿಳಿಸಿ. ಲಸಿಕೆ ಕಾರ್ಡ್, ಶಾಲೆಯ ಮಾರ್ಕ್ಸ್ ಕಾರ್ಡ್, ನಿಮ್ಮ ಜೊತೆ ತೆಗೆದ ಫೋಟೊ, ದಿನಾ ಉಂಡ ತಟ್ಟೆ, ಎಲ್ಲವನ್ನೂ ಚೀಲಕ್ಕೆ ಹಾಕಿ ಕಳಿಸಿ. ಅದು ಬಂದಾಗ ತಂದಿದ್ದ ಆ ಹರಕಲು ಚೀಲವನ್ನೂ.