ಶುಲ್ಕವಿಲ್ಲದ ಕಾರ್ಡೋ, ದುಬಾರಿ ಕಾರ್ಡೋ: ನನ್ನ ಎರಡನೇ ವರ್ಷದ ಲೆಕ್ಕ

ದುಬಾರಿ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕವನ್ನು ವಿಮಾನ ನಿಲ್ದಾಣದ ಲೌಂಜ್, ಅಂದರೆ ಊಟ-ತಿಂಡಿ ಸಿಗುವ ವಿಶ್ರಾಂತಿ ಕೋಣೆ, ಒಂದೇ ತೀರಿಸಿಬಿಡುತ್ತದೆ ಎಂದು ನನಗೆ ಹೇಳದ ಸಹೋದ್ಯೋಗಿ ಇರಲಿಲ್ಲ. ಹಾಗಾಗುವುದಿಲ್ಲವೆಂದು ಲೆಕ್ಕದ ಪುಸ್ತಕ ಹಿಡಿದು ವಾದಿಸಿದಾಗ ನಕ್ಕವರೇ ಹೆಚ್ಚು. ಎರಡೂವರೆ ವರ್ಷ ಎರಡೂ ಕಾರ್ಡುಗಳನ್ನು ಜೊತೆಯಲ್ಲೇ ಬಳಸಿ, ಪ್ರತಿ ತಿಂಗಳ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಬರೆದಿಟ್ಟ ಮೇಲೆ, ಅವರಲ್ಲೇ ಇಬ್ಬರು ಈಚೆಗೆ ತಮ್ಮ ಸ್ಟೇಟ್‌ಮೆಂಟುಗಳನ್ನು ತಂದು ನನ್ನಿಂದ ಲೆಕ್ಕ ಹಾಕಿಸಿಕೊಂಡು ಹೋದರು. ಮುಂದಿನ ಅಂಕಿಗಳೆಲ್ಲ ನೆನಪಿನಿಂದ ಬರೆದವು. ವರ್ಷಕ್ಕೆ ಕಾರ್ಡಿನಲ್ಲಿ ನಾನು ಮಾಡುವ ಒಟ್ಟು ಖರ್ಚನ್ನು 100 ಎಂದಿಟ್ಟುಕೊಂಡು ಓದಬೇಕು.

ಮೊದಲ ವರ್ಷ ನಾನೂ ಮೋಸಹೋದೆ. ಶುಲ್ಕ ಸುಮಾರು 4. ಸ್ವಾಗತ ಬೋನಸ್ 3.5ರ ಹತ್ತಿರ. ಅದರ ಮೇಲೆ, ಮಾಡಿದ ಖರ್ಚಿಗೆ ಕಾರ್ಡು ಬಹುಮಾನವಾಗಿ ಕೊಡುವ ಪಾಯಿಂಟುಗಳೂ ಸೇರಿ ಕಾಗದದ ಮೇಲೆ ಲಾಭವೇ ಕಾಣುತ್ತಿತ್ತು. ಆದರೆ ಬೋನಸ್ಸಿಗೆ ಬೇಕಾದ ಕನಿಷ್ಠ ಖರ್ಚನ್ನು ಮೂರು ತಿಂಗಳಲ್ಲಿ ಮುಟ್ಟಲೆಂದು, ಅಗತ್ಯವೇ ಇಲ್ಲದ ಸಾಮಾನಿಗೆ 2ರಷ್ಟು ಸುರಿದಿದ್ದೆ. ಅದರಲ್ಲಿ ಒಂದು ವಸ್ತುವನ್ನು ಹಿಂದಿರುಗಿಸಿದಾಗ ಹಣ ಬಂತು, ಅದಕ್ಕೆ ಸಿಕ್ಕಿದ್ದ ಪಾಯಿಂಟುಗಳು ಹೋದವು, ಕನಿಷ್ಠ ಖರ್ಚಿನ ಗಡಿಯೂ ತಪ್ಪುವುದರಲ್ಲಿತ್ತು. ಇನ್ನೊಂದು ತಿಂಗಳು ಬಿಲ್ಲನ್ನು ಪೂರ್ತಿ ಕಟ್ಟದೆ ಸ್ವಲ್ಪ ಬಾಕಿ ಉಳಿಸಿದೆ. ಬಡ್ಡಿ ಆ ಬಾಕಿಯ ಮೇಲೆ ಮಾತ್ರ ಬಿದ್ದೀತೆಂದುಕೊಂಡಿದ್ದೆ. ಬಡ್ಡಿರಹಿತ ಅವಧಿಯೇ ರದ್ದಾಗಿ, ಆಮೇಲಿನ ಹೊಸ ಖರೀದಿಗಳಿಗೂ ಖರೀದಿಯ ದಿನದಿಂದಲೇ ಬಡ್ಡಿ ಹತ್ತಿತು. ಹಲವು ತಿಂಗಳ ಪಾಯಿಂಟುಗಳು ಆ ಒಂದು ಬಿಲ್ಲಿಗೆ ಕರಗಿದವು.

ಪಾಯಿಂಟುಗಳನ್ನು ಬಳಸುವುದರಲ್ಲೂ ಎಡವಿದ್ದೇನೆ. ಕ್ಯಾಟಲಾಗಿನಲ್ಲಿ ಕಂಡ ಒಂದು ಇಯರ್‌ಫೋನಿಗೆ ಪಾಯಿಂಟುಗಳನ್ನೆಲ್ಲ ಕೊಟ್ಟ ಮೇಲೆ ನೋಡಿದರೆ, ಅವನ್ನೇ ವಿಮಾನ ಟಿಕೆಟ್ಟಿಗೆ ಬಳಸಿದ್ದರೆ ದುಪ್ಪಟ್ಟಿಗಿಂತ ಹೆಚ್ಚು ಬೆಲೆ ಬರುತ್ತಿತ್ತು. ಅಂದಿನಿಂದ ಪುಸ್ತಕದಲ್ಲಿ ಪಾಯಿಂಟು ಎಂಬ ಕಾಲಮ್ಮನ್ನೇ ತೆಗೆದುಹಾಕಿ, ಅದು ಹಣವಾಗಿ ಕೈಸೇರಿದ ದಿನ ಮಾತ್ರ ಬರೆಯುತ್ತ ಬಂದೆ. ಕೂಡಿಟ್ಟ ಪಾಯಿಂಟಿನ ಬೆಲೆಯನ್ನು ಕಾರ್ಡು ಕೊಟ್ಟವರು ಯಾವಾಗ ಬೇಕಾದರೂ ಇಳಿಸಬಹುದು. ನನ್ನ ಕಣ್ಣೆದುರೇ ಒಮ್ಮೆ ಇಳಿಸಿದರು.

ನನಗೆ ಕೈಹಿಡಿದ ವಿಧಾನ ಬಹಳ ಸರಳ. ಸೌಲಭ್ಯಗಳಿಗೆ ಜಾಹೀರಾತಿನ ಬೆಲೆ ಕಟ್ಟದೆ, ಕಾರ್ಡು ಬರುವುದಕ್ಕೆ ಮುಂಚಿನ ವರ್ಷದ ಬ್ಯಾಂಕ್ ಖಾತೆಯನ್ನು ತೆರೆದು, ಅದೇ ಸೌಲಭ್ಯಕ್ಕೆ ನಾನು ಆಗ ಕೈಯಿಂದ ಎಷ್ಟು ಕೊಟ್ಟಿದ್ದೆನೋ ಅಷ್ಟನ್ನೇ ಬೆಲೆಯೆಂದು ಹಿಡಿದೆ. ಲೌಂಜಿಗೆ ಕೊಟ್ಟದ್ದು ಸೊನ್ನೆ. ಆದರೆ ವಿಮಾನಕ್ಕೆ ಕಾಯುವಾಗ ತಿಂದು ಕುಡಿದದ್ದಕ್ಕೆ ಕೊಟ್ಟದ್ದುಂಟು, ಅದನ್ನು ಸೇರಿಸಿದೆ. ಪ್ರಯಾಣ ವಿಮೆಗೆ ಒಂದಿಷ್ಟು. ಹೋಟೆಲಿನ ಮೇಲ್ದರ್ಜೆಯ ಕೋಣೆಗೆ ಏನೂ ಇಲ್ಲ, ಏಕೆಂದರೆ ನಾನು ಎಂದೂ ಅದನ್ನು ಕೊಂಡವನಲ್ಲ. ಜಾಹೀರಾತಿನಲ್ಲಿ 6ಕ್ಕಿಂತ ಹೆಚ್ಚು ಬಾಳುತ್ತಿದ್ದ ಸೌಲಭ್ಯಗಳು ನನ್ನ ಜೇಬಿನ ಲೆಕ್ಕದಲ್ಲಿ 0.9ಕ್ಕೆ ನಿಂತವು.

ಬೋನಸ್ ಇಲ್ಲದ ಎರಡನೇ ವರ್ಷದಲ್ಲಿ ಚಿತ್ರ ತಿಳಿಯಾಯಿತು. ದುಬಾರಿ ಕಾರ್ಡು 3.3 ಕೊಡುತ್ತೇನೆಂದು ಹೇಳಿ ಕೊಟ್ಟದ್ದು 2.1, ಸೌಲಭ್ಯ 0.9, ಶುಲ್ಕ 4. ಒಟ್ಟಿನಲ್ಲಿ 1ರಷ್ಟು ನಷ್ಟ. ಶುಲ್ಕವಿಲ್ಲದ ಕಾರ್ಡು 1.5 ಎಂದದ್ದು, ವಿಮೆಯ ಕಂತು, ಇಂಧನದಂಥವುಗಳಿಗೆ ಪಾಯಿಂಟು ಕೊಡದ ಕಾರಣ 1.2 ಆಯಿತು, ಆದರೆ ಅದಷ್ಟೂ ಕೈಗೆ ಬಂತು. ಎರಡರ ನಡುವಿನ ಗಳಿಕೆಯ ಅಂತರ 0.9; ಸೌಲಭ್ಯ ಕಳೆದು ಉಳಿಯುವ ಶುಲ್ಕ 3.1. ಭಾಗಿಸಿದರೆ, ನನ್ನ ಖರ್ಚು ಈಗಿನದರ ಸುಮಾರು ಮೂರೂವರೆ ಪಟ್ಟು ಇದ್ದಿದ್ದರೆ ಮಾತ್ರ ಎರಡೂ ಕಾರ್ಡು ಸಮವಾಗುತ್ತಿದ್ದವು.

ದುಬಾರಿ ಕಾರ್ಡು ಗೆದ್ದ ಜಾಗವೂ ಒಂದಿದೆ. ವಿದೇಶ ಪ್ರಯಾಣವೊಂದರಲ್ಲಿ ಒಂದು ದಿನ ಅದನ್ನು, ಮರುದಿನ ಇನ್ನೊಂದನ್ನು ಉಜ್ಜಿ ಪರೀಕ್ಷಿಸಿದೆ. ಶುಲ್ಕವಿಲ್ಲದ ಕಾರ್ಡು ಕರೆನ್ಸಿ ಬದಲಾವಣೆಗೆಂದು ನೂರಕ್ಕೆ ಮೂರರಷ್ಟು ಕಿತ್ತುಕೊಂಡಿತು. ಅಂದರೆ ಕೊಡುವ ಪಾಯಿಂಟಿನ ದುಪ್ಪಟ್ಟು. ದುಬಾರಿಯದರಲ್ಲಿ ಆ ಕಡಿತವಿರಲಿಲ್ಲ. ನಿಮ್ಮ ದೇಶದ ಕರೆನ್ಸಿಯಲ್ಲೇ ಕೊಡುತ್ತೀರಾ ಎಂದು ಅಂಗಡಿಯ ಯಂತ್ರ ಕೇಳಿದಾಗ ಒಮ್ಮೆ ಹೂಂ ಎಂದು ನೋಡಿದೆ; ಕಡಿತವಿಲ್ಲದ ಕಾರ್ಡಿನಲ್ಲೂ ಅವರ ದರ ದುಬಾರಿಯಾಗಿಯೇ ಬಿತ್ತು. ಆದರೂ ವರ್ಷಕ್ಕೊಂದು ಪ್ರಯಾಣದಿಂದ 4ರಷ್ಟು ಶುಲ್ಕ ಹುಟ್ಟುವುದಿಲ್ಲ.

ಶುಲ್ಕ ಬೀಳುವ ಮುನ್ನ ಗ್ರಾಹಕ ಸೇವೆಗೆ ಕರೆ ಮಾಡಿ ಅದರ ಅರ್ಧವನ್ನು ಒಮ್ಮೆ ಬಿಡಿಸಿಕೊಂಡಿದ್ದೇನೆ. ಯಾವ ವಾರ ಕರೆ ಮಾಡಿದೆ, ಯಾವ ಮಾತು ಮೊದಲು ಆಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳತೊಡಗಿದರೆ ಅದು ನಡೆಯುವುದಿಲ್ಲ. ಅರ್ಧ ಶುಲ್ಕದಲ್ಲೂ ನನಗೆ ಗಿಟ್ಟಿದ್ದು ಶುಲ್ಕವಿಲ್ಲದ ಕಾರ್ಡಿಗಿಂತ ಕೂದಲೆಳೆಯಷ್ಟು ಕಡಿಮೆಯೇ. ಉಳಿದ ಪಾಯಿಂಟುಗಳನ್ನು ಟಿಕೆಟ್ಟಿಗೆ ಬಳಸಿ ಮುಗಿಸಿ, ಆನಂತರವೇ ಕಾರ್ಡನ್ನು ಮುಚ್ಚಿಸಿದೆ.

ಲೆಕ್ಕ ಹಾಕಿಸಿಕೊಂಡ ಇಬ್ಬರಲ್ಲಿ ಒಬ್ಬರು ತಮ್ಮದನ್ನು ಅದೇ ವಾರ ಮುಚ್ಚಿಸಿದರು. ಇನ್ನೊಬ್ಬರದು ನನ್ನ ನಾಲ್ಕು ಪಟ್ಟು ಖರ್ಚು, ತಿಂಗಳಿಗೆರಡು ಬಾರಿ ವಿಮಾನ, ಲೌಂಜಿಗೂ ಹಿಂದೆ ಕೈಯಿಂದಲೇ ಹಣ ಕೊಡುತ್ತಿದ್ದವರು, ಇಟ್ಟುಕೊಳ್ಳಿ ಎಂದೆ. ಆ ಫೋನಿನ ಮಾತು ಯಾವುದೆಂದು ಅವರು ಈಗಲೂ ಕೇಳುತ್ತಲೇ ಇದ್ದಾರೆ.