ಒಂದು ಸೀಸೆ ಸಿಲ್ವರ್ ನೈಟ್ರೇಟ್, ಎರಡು ಅಧ್ಯಾಯ

ಮಂಡ್ಯ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುವ ನನ್ನ ಬಲಗೈ ಹೆಬ್ಬೆರಳಿನ ಮೇಲೆ ವರ್ಷದಲ್ಲಿ ಒಂದೆರಡು ತಿಂಗಳಾದರೂ ಕಪ್ಪು ಕಲೆಯೊಂದು ಉಳಿದಿರುತ್ತದೆ. ಅದನ್ನು ಮೊದಲ ಸಲ ಗಮನಿಸಿದ ಹುಡುಗನೊಬ್ಬ "ಯಾವ ಎಲೆಕ್ಷನ್ ಸಾರ್?" ಎಂದು ಕೇಳಿದಾಗ ತರಗತಿಯೆಲ್ಲ ನಕ್ಕಿತು. ಆದರೆ ಅವನ ಊಹೆ ರಾಸಾಯನಿಕವಾಗಿ ಸರಿಯಾಗಿಯೇ ಇತ್ತು. 1962ರ ಮೂರನೆಯ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲೇ ಪಕ್ಕದ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯಲ್ಲಿ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟೇ ನನ್ನ ಹೆಬ್ಬೆರಳಿಗೂ ಮೆತ್ತಿಕೊಂಡಿತ್ತು. ಚರ್ಮಕ್ಕೆ ತಾಗಿ ಬೆಳಕಿಗೆ ಒಡ್ಡಿದ ಮೇಲೆ ಅದರಿಂದ ಬೆಳ್ಳಿ ಬೇರ್ಪಟ್ಟು ಕಪ್ಪಾಗುತ್ತದೆ. ಸಾಬೂನಿಗೆ ಹೋಗುವುದಿಲ್ಲ, ಚರ್ಮ ಸವೆದು ಹೊಸತಾದಾಗಲೇ ಹೋಗುತ್ತದೆ.

ಈ ಒಂದೇ ರಾಸಾಯನಿಕವನ್ನು ಹಿಡಿದುಕೊಂಡು ದ್ವಿತೀಯ ಪಿಯುಸಿಯ ಎರಡು ಕಠಿಣ ಭಾಗಗಳಾದ ಕೋಆರ್ಡಿನೇಷನ್ ಸಂಯುಕ್ತಗಳನ್ನೂ (ನಡುವಿನ ಲೋಹಕ್ಕೆ ಬೇರೆ ಅಣು, ಅಯಾನುಗಳು ಸುತ್ತಲೂ ಅಂಟಿಕೊಂಡಿರುವ ಸಂಯುಕ್ತಗಳು) ಸಾವಯವ ರಸಾಯನಶಾಸ್ತ್ರವನ್ನೂ (ಕಾರ್ಬನ್ ಸಂಯುಕ್ತಗಳ ಅಧ್ಯಯನ) ನಾನು ಹೇಗೆ ಕಲಿಸತೊಡಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಕೆಲವು ವರ್ಷ ನಾನು ಹಾಗೆ ಕಲಿಸುತ್ತಿರಲಿಲ್ಲ. ಕೋಆರ್ಡಿನೇಷನ್ ಸಂಯುಕ್ತಗಳ ರಚನೆಯನ್ನು ವಿವರಿಸುವ ವರ್ನರ್ ಸಿದ್ಧಾಂತದ ಅಂಶಗಳನ್ನು ಬರೆಸುತ್ತಿದ್ದೆ, ಮಕ್ಕಳು ಉರು ಹೊಡೆಯುತ್ತಿದ್ದರು, ಅಂಕವೂ ಬರುತ್ತಿತ್ತು. ಒಂದು ವರ್ಷ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಆರು ಅಮೋನಿಯಾ ಇರೋ ಕೋಬಾಲ್ಟ್ ಉಪ್ಪಿನಲ್ಲೂ ಮೂರು ಕ್ಲೋರಿನ್, ನಾಲ್ಕು ಅಮೋನಿಯಾ ಇರೋದರಲ್ಲೂ ಮೂರೇ ಕ್ಲೋರಿನ್. ಸಿಲ್ವರ್ ನೈಟ್ರೇಟ್ ಹಾಕಿದರೆ ಒಂದರಲ್ಲಿ ಮೂರೂ ಬಿಳಿ ಗಸಿಯಾಗಿ ಹೊರಗೆ ಬರುತ್ತೆ, ಇನ್ನೊಂದರಲ್ಲಿ ಒಂದೇ ಬರುತ್ತೆ. ಉಳಿದೆರಡು ಅಲ್ಲೇ ಇದ್ದುಕೊಂಡು ಯಾಕೆ ಬರಲ್ಲ?" ಅವು ಒಳಗಿನ ಗೋಳದಲ್ಲಿವೆ ಎಂದು ಪುಸ್ತಕದ ಮಾತನ್ನೇ ಹೇಳಿದೆ. ಅವಳು ಬರೆದುಕೊಂಡು ಕುಳಿತಳು. ನಾನು ಕೊಟ್ಟದ್ದು ಒಂದು ಹೆಸರೇ ಹೊರತು ಉತ್ತರವಲ್ಲ ಎಂಬುದು ಅವಳಿಗಿಂತ ಮೊದಲು ನನಗೆ ತಿಳಿದಿತ್ತು.

1893ರಲ್ಲಿ ರಸಾಯನವಿಜ್ಞಾನಿ ಆಲ್ಫ್ರೆಡ್ ವರ್ನರ್‌ನನ್ನು ಕಾಡಿದ್ದ ಒಗಟುಗಳಲ್ಲಿ ಇದೂ ಒಂದು. ಆಗ ಅವನಿಗೆ 26 ವರ್ಷ. ಆರು ಅಮೋನಿಯಾದ ಹಳದಿ ಉಪ್ಪು ಮೂರು ಕ್ಲೋರೈಡ್‌ಗಳನ್ನೂ ಬಿಟ್ಟುಕೊಡುತ್ತದೆ, ಐದು ಅಮೋನಿಯಾದ ನೇರಳೆ ಕೆಂಪಿನ ಉಪ್ಪು ಎರಡನ್ನು ಮಾತ್ರ, ನಾಲ್ಕು ಅಮೋನಿಯಾದ ಹಸಿರು ಉಪ್ಪು ಒಂದನ್ನು ಮಾತ್ರ. ಅಮೋನಿಯಾ ಖಾಲಿ ಮಾಡಿದ ಜಾಗಕ್ಕೆ ಕ್ಲೋರಿನ್ ಬಂದು ಕೋಬಾಲ್ಟಿಗೇ ನೇರವಾಗಿ ಅಂಟಿಕೊಳ್ಳುವುದರಿಂದ ಅದು ನೀರಿನಲ್ಲಿ ವಿದ್ಯುದಾವೇಶವುಳ್ಳ ಅಯಾನಾಗಿ ಬಿಡಿಸಿಕೊಂಡು ಬರುವುದಿಲ್ಲ, ಈ ಉಪ್ಪುಗಳಲ್ಲಿ ಕೋಬಾಲ್ಟಿನ ಸುತ್ತ ಯಾವಾಗಲೂ ಆರು ಜಾಗ ತುಂಬಿರುತ್ತವೆ ಎಂದು ಅವನು ಹೇಳಿದ. ಪುಸ್ತಕಗಳು ಒತ್ತಿ ಹೇಳದ ಸಂಗತಿಯೆಂದರೆ ವರ್ನರ್ ಕಲಿತು ಬಂದದ್ದು ಸಾವಯವ ರಸಾಯನಶಾಸ್ತ್ರವನ್ನು. ನೈಟ್ರೋಜನ್ ಇರುವ ಸಾವಯವ ಅಣುಗಳಲ್ಲಿ ಪರಮಾಣುಗಳು ಯಾವ ದಿಕ್ಕಿಗೆ ಚಾಚಿಕೊಂಡಿರುತ್ತವೆ ಎಂಬುದು ಅವನ ಡಾಕ್ಟರೇಟ್ ವಿಷಯವಾಗಿತ್ತು. ಅಣುವಿಗೆ ಆಕಾರವಿದೆ ಎಂಬ ಆ ಅಭ್ಯಾಸವನ್ನೇ ಅವನು ಲೋಹಗಳ ಕಡೆಗೆ ಒಯ್ದ. 1913ರ ನೊಬೆಲ್ ಪ್ರಶಸ್ತಿ ಅದಕ್ಕೆ ಸಂದಿತು. ಎರಡು ಅಧ್ಯಾಯಗಳ ನಡುವೆ ನಾವು ಎಬ್ಬಿಸಿರುವ ಗೋಡೆ ಅವನ ತಲೆಯಲ್ಲಿ ಇರಲಿಲ್ಲ ಎಂಬುದು ಹೊಳೆದ ಮೇಲೆ ನನ್ನ ಪಾಠದ ಕ್ರಮವೇ ಬದಲಾಯಿತು.

ಕೋಬಾಲ್ಟ್ ಉಪ್ಪುಗಳು ನಮ್ಮ ಪ್ರಯೋಗಾಲಯದಲ್ಲಿ ಇರಲಿಲ್ಲ. ಆದ್ದರಿಂದ ಹುಡುಗಿಯ ಪ್ರಶ್ನೆಯನ್ನು ಕಾರ್ಬನ್ ಮೂಲಕ ತೋರಿಸಲು ನಿರ್ಧರಿಸಿದೆ. ಒಂದು ಪ್ರನಾಳದಲ್ಲಿ ಅಡುಗೆ ಉಪ್ಪಿನ ದ್ರಾವಣ, ಇನ್ನೊಂದರಲ್ಲಿ ಮೂರು ಕ್ಲೋರಿನ್ ಇರುವ ಕ್ಲೋರೋಫಾರ್ಮ್. ಎರಡಕ್ಕೂ ಶೇಕಡಾ 2ರ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ ಅಲುಗಿಸಿದರೆ ಮೊದಲನೆಯದರಲ್ಲಿ ಬಿಳಿ ಪ್ರಕ್ಷೇಪ (ಕರಗದ ಗಸಿ) ಬರಬೇಕು, ಎರಡನೆಯದರಲ್ಲಿ ಬರಬಾರದು. ಆದರೆ ಮೊದಲ ದಿನ ಎರಡೂ ಹಾಲಿನಂತಾದವು. ಹಿಂದಿನ ಬೆಂಚಿನವರು ಸಂತೋಷಪಟ್ಟರು, ನಾನು ಬೆವೆತೆ. ಆ ಸಂಜೆ ಒಬ್ಬನೇ ಕುಳಿತು ಖಾಲಿ ಪ್ರನಾಳಕ್ಕೆ ಬರೀ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದೆ, ಅದೂ ಮಸುಕಾಯಿತು. ಪ್ರನಾಳಗಳನ್ನು ತೊಳೆದದ್ದು ಕೊಳವೆ ಬಾವಿಯ ನೀರಿನಲ್ಲಿ, ಮತ್ತು ಆ ನೀರಿನಲ್ಲಿ ಕ್ಲೋರೈಡ್ ಧಾರಾಳವಾಗಿತ್ತು. ಅಂದಿನಿಂದ ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸದೆ ಈ ಪ್ರಯೋಗಕ್ಕೆ ಕೈ ಹಾಕಿಲ್ಲ. ಈಗ ನಲ್ಲಿ ನೀರಿನ ಪ್ರನಾಳವನ್ನೂ ಬೇಕೆಂದೇ ಸಾಲಿನಲ್ಲಿ ಇಡುತ್ತೇನೆ. ತಮ್ಮೂರಿನ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಿಸುವವರೂ ಇದ್ದಾರೆ.

ಸರಿಯಾಗಿ ಮಾಡಿದಾಗ ಕ್ಲೋರೋಫಾರ್ಮ್ ಸುಮ್ಮನಿರುತ್ತದೆ. ಮೂರು ಕ್ಲೋರಿನ್ ಕಣ್ಣೆದುರೇ ಇದ್ದರೂ ಒಂದೂ ಬರುವುದಿಲ್ಲ, ಏಕೆಂದರೆ ಅವು ಕಾರ್ಬನ್ನಿಗೆ ಸಹವೇಲೆನ್ಸೀಯ ಬಂಧದಿಂದ, ಅಂದರೆ ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು, ಅಂಟಿವೆ. ಬೇರೆ ಪ್ರನಾಳದಲ್ಲಿ ಕೆಲವೇ ಹನಿ ಕ್ಲೋರೋಫಾರ್ಮನ್ನು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಬೆಚ್ಚಗೆ ಮಾಡಿ, ತಣಿಸಿ, ನೈಟ್ರಿಕ್ ಆಮ್ಲದಿಂದ ಆಮ್ಲೀಯಗೊಳಿಸಿದ ಮೇಲೆ ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಪ್ರಕ್ಷೇಪ ಬೀಳುತ್ತದೆ. ಆಮ್ಲ ಹಾಕುವುದನ್ನು ಮರೆತರೆ ಸಿಲ್ವರ್ ಆಕ್ಸೈಡಿನ ಕಂದು ರಾಡಿ ಬಂದು ಪ್ರಯೋಗ ಕೆಡುತ್ತದೆ. ಬಿಗಿಯಾಗಿ ಅಂಟಿದ್ದ ಕ್ಲೋರಿನ್ನನ್ನು ಹೈಡ್ರಾಕ್ಸೈಡ್ ಬಿಡಿಸಿತು. ಬಿಡಿಸಿದ್ದು ಅದರ ಆಕ್ಸಿಜನ್ ಮೇಲೆ ಕುಳಿತಿರುವ, ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿ, ಅಂದರೆ ಲೋನ್ ಪೇರ್. ನ್ಯೂಕ್ಲಿಯೋಫೈಲ್ ಎಂಬ ಪದವನ್ನು ನಾನು ಇಲ್ಲಿಯವರೆಗೆ ಬಾಯಿಗೆ ತರುವುದಿಲ್ಲ. ಪದ ಮೊದಲು ಬಂದರೆ ಮಕ್ಕಳು ಪೆನ್ನು ತೆಗೆದುಕೊಳ್ಳುತ್ತಾರೆ, ನೋಡುವುದನ್ನು ನಿಲ್ಲಿಸುತ್ತಾರೆ.

ಮರುದಿನ ಉಪ್ಪಿನ ಪ್ರನಾಳವನ್ನೇ ಮುಂದುವರಿಸುತ್ತೇನೆ. ಸಿಲ್ವರ್ ಕ್ಲೋರೈಡಿನ ಬಿಳಿ ಪ್ರಕ್ಷೇಪಕ್ಕೆ ಅಮೋನಿಯಾ ದ್ರಾವಣ ಹಾಕಿದರೆ ಅದು ಕರಗಿ ತಿಳಿಯಾಗುತ್ತದೆ, ಏಕೆಂದರೆ ಒಂದೊಂದು ಬೆಳ್ಳಿ ಅಯಾನಿಗೂ ಎರಡೆರಡು ಅಮೋನಿಯಾ ಅಣುಗಳು ತಮ್ಮ ನೈಟ್ರೋಜನ್ನಿನ ಲೋನ್ ಪೇರ್ ಕೊಟ್ಟು ಹಿಡಿದುಕೊಳ್ಳುತ್ತವೆ. ಅದೇ ದ್ರಾವಣಕ್ಕೆ ನೈಟ್ರಿಕ್ ಆಮ್ಲ ಹಾಕುತ್ತಾ ಹೋದರೆ ಬಿಳಿ ಪ್ರಕ್ಷೇಪ ಹಿಂತಿರುಗಿ ಬರುತ್ತದೆ. ಇಡೀ ಅಧ್ಯಾಯದಲ್ಲಿ ನನಗೆ ಅತಿ ಪ್ರಿಯವಾದ ಕ್ಷಣ ಇದು. ಅಮೋನಿಯಾದ ಬಳಿ ಇರುವುದು ಒಂದೇ ಜೋಡಿ. ಅದನ್ನು ಆಮ್ಲದ ಹೈಡ್ರೋಜನ್ ಅಯಾನು ಕಸಿದುಕೊಂಡು ಅಮೋನಿಯಂ ಆದ ಮೇಲೆ ಬೆಳ್ಳಿಯನ್ನು ಹಿಡಿಯಲು ಅದರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲೋಹಕ್ಕೆ ಜೋಡಿ ಕೊಟ್ಟರೆ ಲಿಗ್ಯಾಂಡ್, ಕಾರ್ಬನ್ನಿಗೆ ಕೊಟ್ಟರೆ ನ್ಯೂಕ್ಲಿಯೋಫೈಲ್, ಹೈಡ್ರೋಜನ್ ಅಯಾನಿಗೆ ಕೊಟ್ಟರೆ ಪ್ರತ್ಯಾಮ್ಲ ಎಂದು ಆಗ ಹೇಳಿದರೆ ಮೂರು ಪದಗಳೂ ಒಂದೇ ಗಳಿಗೆಯಲ್ಲಿ ಕೂರುತ್ತವೆ. ಅಮೋನಿಯಾ ಲಿಗ್ಯಾಂಡ್ ಆದಾಗ ಅಮ್ಮೈನ್, ಸಾವಯವ ಭಾಗದಲ್ಲಿ ಬರುವುದು ಅಮೈನ್. ಇಂಗ್ಲಿಷಿನಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕೆ ಅಂಕ ಕಳೆದುಕೊಂಡವರು ಪ್ರತಿ ವರ್ಷವೂ ಇರುತ್ತಾರೆ.

ಮೈಲುತುತ್ತದ (ತಾಮ್ರದ ಸಲ್ಫೇಟ್) ಪ್ರಯೋಗ ಎಲ್ಲರಿಗೂ ಗೊತ್ತಿರುವುದೇ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಯ ಮಕ್ಕಳು ಅದನ್ನು ಹೆಸರಿನಿಂದ ಬಲ್ಲರು. ಕಾಯಿಸಿದರೆ ಬಿಳಿ, ನೀರು ಬಿದ್ದರೆ ನೀಲಿ, ಅಮೋನಿಯಾ ಹೆಚ್ಚಾದರೆ ಕಡುನೀಲಿ. ಅದರ ಐದು ನೀರಿನ ಅಣುಗಳಲ್ಲಿ ನಾಲ್ಕು ಮಾತ್ರ ತಾಮ್ರಕ್ಕೆ ಅಂಟಿವೆ, ಐದನೆಯದು ಸಲ್ಫೇಟಿಗೆ ಹೈಡ್ರೋಜನ್ ಬಂಧದಿಂದ ತಗುಲಿಕೊಂಡಿದೆ ಎಂಬುದನ್ನಷ್ಟೇ ನಾನು ಸೇರಿಸುತ್ತೇನೆ.

ಸಾವಯವ ಭಾಗದಲ್ಲಿ ಅಲ್ಡಿಹೈಡ್ ಬರುವ ಹೊತ್ತಿಗೆ ಸೀಸೆ ಮತ್ತೆ ಹೊರಗೆ ಬರುತ್ತದೆ. ಎರಡು ಮಿಲಿಲೀಟರ್ ಸಿಲ್ವರ್ ನೈಟ್ರೇಟಿಗೆ ಒಂದು ಹನಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಬಂದ ಕಂದು ಪ್ರಕ್ಷೇಪ ಕರಗುವಷ್ಟೇ ಅಮೋನಿಯಾವನ್ನು ಹನಿಹನಿಯಾಗಿ ಸೇರಿಸಿದರೆ ಅಲ್ಡಿಹೈಡನ್ನು ಪತ್ತೆಹಚ್ಚುವ ಟಾಲೆನ್ಸ್ ಕಾರಕ ಸಿದ್ಧ. "ಇದು ಅವತ್ತಿನದ್ದೇ ಅಲ್ಲವಾ ಸಾರ್?" ಎಂದು ಯಾರಾದರೂ ಕೇಳಿದರೆ ಆ ವರ್ಷದ ಪಾಠ ಸಾರ್ಥಕ, ಏಕೆಂದರೆ ಎರಡು ಅಮೋನಿಯಾ ಹಿಡಿದ ಅದೇ ಬೆಳ್ಳಿ ಇದು. ಅಲ್ಡಿಹೈಡ್ ಗುಂಪಿರುವ ಗ್ಲೂಕೋಸ್ ಹಾಕಿ ಬಿಸಿನೀರಿನಲ್ಲಿ ಇಟ್ಟರೆ ಪ್ರನಾಳದ ಒಳಗೋಡೆ ಕನ್ನಡಿಯಾಗುತ್ತದೆ. ಒಮ್ಮೆ ಉಳಿದ ಕಾರಕವನ್ನು ಮರುದಿನಕ್ಕೆಂದು ಸೀಸೆಯಲ್ಲಿ ತುಂಬಿ ಕಪಾಟಿನಲ್ಲಿ ಇಟ್ಟಿದ್ದೆ. ಹಿರಿಯ ಅಟೆಂಡರ್ ಅದನ್ನು ಕಂಡು, "ಸಾರ್, ಇದನ್ನ ಇಡಬಾರದು, ಸಿಡಿಯುತ್ತೆ" ಎಂದು ನನ್ನನ್ನು ಕರೆದು ತಿಳಿಸಿದರು. ಹಳೆಯದಾದಂತೆ ಸ್ಫೋಟಕ ಬೆಳ್ಳಿ ಸಂಯುಕ್ತ ಅದರಲ್ಲಿ ಉಂಟಾಗುತ್ತದೆ ಎಂದು ಓದಿದ್ದ ನಾನು ಮರೆತಿದ್ದೆ, ಓದದ ಅವರು ಮರೆತಿರಲಿಲ್ಲ. ಈಗ ಬೇಕಾದಷ್ಟನ್ನೇ ಮಾಡಿ, ಉಳಿದದ್ದನ್ನು ಕೂಡಲೇ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಕೆಡಿಸಿಬಿಡುತ್ತೇನೆ.

ಅಂಗಡಿಯ ಸಕ್ಕರೆ ಈ ಕನ್ನಡಿಯನ್ನು ಕೊಡುವುದಿಲ್ಲ, ಬೆಲ್ಲ ಕೊಡುತ್ತದೆ. ಸಕ್ಕರೆಯ, ಅಂದರೆ ಸುಕ್ರೋಸಿನ, ಅಣುವಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಮ್ಮ ಕ್ರಿಯಾಶೀಲ ತುದಿಗಳಿಂದಲೇ ಒಂದಕ್ಕೊಂದು ಬೆಸೆದುಕೊಂಡಿರುವುದು ಇದಕ್ಕೆ ಕಾರಣ. ಬೆಲ್ಲದಲ್ಲಿ ಅದರ ಒಂದು ಪಾಲು ಒಡೆದು ಬಿಡಿಬಿಡಿಯಾಗಿರುತ್ತದೆ. ಇದನ್ನು ಹೇಳಿದಾಗ ಆಲೆಮನೆಯಿರುವ ಮನೆಯ ಹುಡುಗನೊಬ್ಬ, ಕಡಿದ ಕಬ್ಬನ್ನು ನಾಲ್ಕು ದಿನ ಬಿಟ್ಟು ಅರೆದರೆ ಪಾಕ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲವೆಂದು ತಮ್ಮಪ್ಪ ಗೊಣಗುತ್ತಾರೆ, ಅದಕ್ಕೂ ಇದೇ ಕಾರಣವೇ ಎಂದು ಕೇಳಿದ. ಹೌದು, ಕಬ್ಬು ಕಡಿದ ಮೇಲೆ ತಡವಾದಷ್ಟೂ ಸುಕ್ರೋಸ್ ಒಡೆಯುತ್ತದೆ. ರಸಕ್ಕೆ ಸುಣ್ಣ ಹಾಕಿ ಹುಳಿಯನ್ನು ತಗ್ಗಿಸುವುದರಿಂದ ಕಾಯಿಸುವಾಗ ಆಗುವ ಒಡೆತ ಕಡಿಮೆಯಾಗುತ್ತದೆ.

ಮುಂದಿನ ವಾರ ಅವನು ಅಂದೇ ಕಡಿದ ಕಬ್ಬಿನ ಹಾಲನ್ನೂ ನಾಲ್ಕು ದಿನ ಬಿದ್ದಿದ್ದ ಕಬ್ಬಿನ ಹಾಲನ್ನೂ ಎರಡು ಬಾಟಲಿಗಳಲ್ಲಿ ತಂದ. ಟಾಲೆನ್ಸ್ ಕಾರಕದಲ್ಲಿ ಎರಡೂ ಕನ್ನಡಿ ಕೊಟ್ಟವು, ವ್ಯತ್ಯಾಸ ತಿಳಿಯಲಿಲ್ಲ. ಎರಡನ್ನೂ ಒಂದೇ ಪ್ರಮಾಣದಲ್ಲಿ ತೆಳುಮಾಡಿ, ಇಂಥದೇ ಇನ್ನೊಂದು ಪರೀಕ್ಷೆಗೆ ಬಳಸುವ ಫೆಹ್ಲಿಂಗ್ ದ್ರಾವಣದೊಂದಿಗೆ ಕುದಿಸಿದಾಗ ಹಳೆಯ ಕಬ್ಬಿನ ಪ್ರನಾಳದ ತಳದಲ್ಲಿ ಇಟ್ಟಿಗೆ ಬಣ್ಣದ ಪ್ರಕ್ಷೇಪ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಫೆಹ್ಲಿಂಗ್ ದ್ರಾವಣವೆಂದರೂ ಮೈಲುತುತ್ತವೇ; ಕ್ಷಾರದಲ್ಲಿ ತಾಮ್ರ ಹೈಡ್ರಾಕ್ಸೈಡಾಗಿ ಕೆಳಗಿಳಿಯದಂತೆ ಟಾರ್ಟರೇಟ್ ಅಯಾನುಗಳು ತಮ್ಮ ಆಕ್ಸಿಜನ್ನುಗಳಿಂದ ಅದನ್ನು ಹಿಡಿದುಕೊಂಡಿರುತ್ತವೆ. ಇದನ್ನು ನಾನು ಹೇಳುವ ಮೊದಲೇ ಹುಡುಗ ಬೇರೆ ಕಡೆ ಹೋಗಿಬಿಟ್ಟಿದ್ದ: "ಸಾರ್, ಫ್ರಕ್ಟೋಸ್ ಕೀಟೋನ್ ಅಲ್ಲವಾ? ಕೀಟೋನ್ ಈ ಪರೀಕ್ಷೆ ಕೊಡಲ್ಲ ಅಂತ ನೀವೇ ಬರೆಸಿದ್ದೀರಿ." ಕ್ಷಾರದಲ್ಲಿ ಫ್ರಕ್ಟೋಸ್ ನಿಧಾನವಾಗಿ ಗ್ಲೂಕೋಸ್ ಆಗಿ ಮಾರ್ಪಡುತ್ತದೆ ಎಂದು ಹೇಳಿ, ಆ ಮಾರ್ಪಾಡಿನಲ್ಲಿ ಹೈಡ್ರಾಕ್ಸೈಡಿನ ಲೋನ್ ಪೇರ್ ಯಾವ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆಯಲು ಅವನ ಕೈಗೇ ಚಾಕ್‌ಪೀಸ್ ಕೊಟ್ಟೆ.